ಅತ್ತೆಯ ನಾಲಿಗೆ

ಲೇಝಬಿಮ್, ಗ್ವಾಡೆಲೂಪ್
ಏಪ್ರಿಲ್ ೨೫, ಗುರುವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮಾಜಿ ಸೊಸೆ ನಾದೆಜ್ ಮಾಡುವ ನಮಸ್ಕಾರ. ‘ಮಾಜಿ’ ಎಂದು ಬರೆದದ್ದಕ್ಕೆ ಬೈಯುತ್ತೀರಿ, ಗೊತ್ತು. ಬೈಯಿರಿ. ಫೋನಿನಲ್ಲಾದರೆ ನೀವು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ಇದನ್ನು ಓದುವಾಗಲಾದರೂ ನೀವು ನಡುವೆ ಬಾಯಿ ಹಾಕುವಂತಿಲ್ಲವಲ್ಲ!

ನಾವಿಬ್ಬರೂ ಸುಖವಾಗಿ ಮನೆ ಸೇರಿದೆವು. ನಿಮ್ಮ ಮೊಮ್ಮಗಳು ಸೆಲಿನ್‌ಳ ತಲೆ ಬಾಚಿದಷ್ಟೂ ಮರಳು ಉದುರುತ್ತಿದೆ. ರಜೆ ಮುಗಿಯುವಷ್ಟರಲ್ಲಿ ಇನ್ನೊಮ್ಮೆ ಅಜ್ಜಿಯ ಜೊತೆ ಕಡಲಿಗೆ ಇಳಿಯಬೇಕಂತೆ. ಡೇರೆಯ ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹರವಿದ್ದೇನೆ, ನೀರು ತೊಟ್ಟಿಕ್ಕುತ್ತದೆಂದು ಕೆಳಗಿನ ಮನೆಯವರ ಗೊಣಗಾಟ.

ಅತ್ತೆ, ಜನವರಿಯಲ್ಲಿ ಫುಲ್ಬೆರ್‌ನನ್ನು ಬಿಟ್ಟು ಬಂದಾಗ ನಾನು ಅತ್ತದ್ದು ಅವನಿಗಾಗಿ ಅಲ್ಲ. ಇನ್ನೊಬ್ಬಳ ಮನೆಯಲ್ಲಿ ಬಟ್ಟೆಬರೆ ಇಟ್ಟುಕೊಂಡ ಗಂಡನಿಗಾಗಿ ಯಾರು ಅಳುತ್ತಾರೆ? ಅತ್ತದ್ದು ಈಸ್ಟರ್‌ಗಾಗಿ, ವರ್ಷವರ್ಷವೂ ಮನೆಮಂದಿಯೆಲ್ಲ ಕಡಲದಂಡೆಯಲ್ಲಿ ಡೇರೆ ಹಾಕಿ ಕಳೆಯುವ ಆ ದಿನಗಳಿಗಾಗಿ. ತಾಯಿಯ ಮುಖ ಕಾಣದೆ ಬೆಳೆದವಳು ನಾನು. ಕಡಲದ್ರಾಕ್ಷಿ ಮರದ ಕೆಳಗೆ ನೀವು ಮುಂಚಿತವಾಗಿಯೇ ಹಗ್ಗ ಕಟ್ಟಿ ಹಿಡಿದಿಡುವ ಜಾಗ, ಒಬ್ಬರ ಮೇಲೊಬ್ಬರು ಕಾಲು ಹಾಕಿಕೊಂಡು ಮಲಗುವ ಡೇರೆ, ಬೆಳಗೆದ್ದರೆ ನಿಮ್ಮ ಬೈಗುಳ. ನನಗೆ ನನ್ನವರು ಅಂತ ಇದ್ದದ್ದು ಅಷ್ಟೇ. ಗಂಡ ಹೋದರೆ ಹೋದ, ಪೋರ್-ಲೂಯಿಯ ದಂಡೆಯ ಮೇಲೆ ನನಗಿನ್ನು ಜಾಗವಿಲ್ಲವಲ್ಲ ಎನ್ನುವುದೇ ನನ್ನ ದುಃಖ. ಸೆಲಿನ್‌ಳನ್ನು ಮಾತ್ರ ಕಳಿಸಿ ನಾನು ಮನೆಯಲ್ಲೇ ಉಳಿಯುವುದೆಂದು ತೀರ್ಮಾನಿಸಿದ್ದೆ.

ಆಗ ಬಂತು ನಿಮ್ಮ ಫೋನು. “ಗಂಡನ್ನ ಬಿಟ್ಟೆ, ಸರಿ. ನನ್ನ ಯಾವಾಗ ಬಿಟ್ಟೆಯೇ? ಸುಮ್ನೆ ಆ ದೊಡ್ಡ ಪಾತ್ರೆ ಎತ್ಕೊಂಡು ಬಾ” ಎಂದು ಹೇಳಿ, ನನ್ನ ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಿರಿ.

ಬಂದೆ. ಬಂದ ಮೇಲೆ ಎಲ್ಲಿ ಕೂರಬೇಕೆಂದೇ ತಿಳಿಯಲಿಲ್ಲ. ನಿಮ್ಮ ಮಗಳು ಗೆರ್ಟಿ “ಓಹೋ, ನೆಂಟರು ಬಂದ್ರು! ಯಾರಾದ್ರೂ ಕುರ್ಚಿ ಹಾಕ್ರಪ್ಪಾ” ಎಂದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಚೀಲ ಬಿಚ್ಚಲಿಲ್ಲ. ಸೋಮವಾರ ಏಡಿ ಹಾಕಿ ಬೇಯಿಸಿದ ಹಬ್ಬದ ಅನ್ನ, ಮಾತೆತೆ, ಉಣ್ಣಲು ಫುಲ್ಬೆರ್ ಬಂದೇ ಬರುತ್ತಾನೆ, ಅಷ್ಟರೊಳಗೆ ಬಸ್ಸು ಹಿಡಿಯಬೇಕು ಅಂದುಕೊಂಡೆ.

ಭಾನುವಾರ ಸಂಜೆ ನೀವು ನನ್ನನ್ನು ಏಡಿಗೂಡಿನ ಹತ್ತಿರ ಕರೆದಿರಿ. ವಾರಗಟ್ಟಲೆ ಮಾವಿನೆಲೆ, ಮೆಣಸಿನಕಾಯಿ ತಿನ್ನಿಸಿ ಸಾಕಿದ ಏಡಿಗಳು ಒಳಗೆ ಪರಪರ ಎನ್ನುತ್ತಿದ್ದವು. ನೀವು ಪಿಸುಗುಟ್ಟಿದಿರಿ: “ಯಾರ್ಗೂ ಹೇಳ್ಬೇಡ ಕಣೇ. ಆ ಜ್ವರ ಬಂದು ಹೋದಾಗಿಂದ ನನ್ನ ನಾಲ್ಗೆ ಸತ್ತೋಗಿದೆ. ಉಪ್ಪೂ ಒಂದೇ, ಸಕ್ರೇನೂ ಒಂದೇ. ನಾಳೆ ನೀನೇ ರುಚಿ ನೋಡ್ಬೇಕು. ಗೆರ್ಟಿಗೆ ಹೇಳಿದ್ರೆ ದಂಡೆಗೆಲ್ಲಾ ಡಂಗುರ ಹೊಡೀತಾಳೆ. ನನ್ನ ಮಾನ ಉಳ್ಸು.” ಸತ್ತ ನಾಲಿಗೆ ಮಾತಿಗೆ ಮಾತ್ರ ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂದು ನನಗೆ ಅನ್ನಿಸಿತು. ಆದರೂ ನಿಮ್ಮ ಮುಖ ನೋಡಿ ಒಪ್ಪಿಕೊಂಡೆ.

ಬೆಳಗ್ಗೆ ನೀವು ಎಲ್ಲರ ಎದುರೇ ಸೌಟು ನನ್ನ ಕೈಗೆ ಕೊಟ್ಟಿರಿ. ಸ್ವಂತ ಮಗಳಿಗೂ ಕೊಡದ ಸೌಟು ಅದು! ಗೆರ್ಟಿಯ ಮುಖ ನೋಡಬೇಕಿತ್ತು. ಆಮೇಲೆ ನನಗೆ ಉಸಿರಾಡಲೂ ಪುರುಸೊತ್ತಿಲ್ಲ. ಏಡಿ ಉಜ್ಜು, ನಿಂಬೆ ಹಿಂಡು, ಅಕ್ಕಿ ಸುರಿ, ರುಚಿ ನೋಡು, ಇನ್ನೊಂದು ಚಿಟಿಕೆ ಹಾಕು. ಬಸ್ಸಿನ ನೆನಪೇ ಆಗಲಿಲ್ಲ.

ಅಷ್ಟರಲ್ಲಿ ಫುಲ್ಬೆರ್ ಬಂದ. ನನ್ನನ್ನು ನೋಡಿ, “ಅಮ್ಮಾ, ಇವಳ್ಯಾಕೆ ಇಲ್ಲಿ?” ಎಂದ. ನಾನು ಸೌಟು ಕೆಳಗಿಡಲು ಹೋದೆ. ನೀವು ಕೂತಲ್ಲಿಂದ ಏಳಲೂ ಇಲ್ಲ. “ಇವತ್ತಿನ ಅಡಿಗೆ ಅವಳ್ದು. ತಿನ್ನೋದಾದ್ರೆ ತಟ್ಟೆ ಹಿಡ್ಕೊಂಡು ಹಿಂದೆ ನಿಂತ್ಕೋ. ಇಲ್ಲಾಂದ್ರೆ ಬಂದ ದಾರಿ ಅಲ್ಲೇ ಇದೆ” ಎಂದಿರಿ. ಅವನು ತಟ್ಟೆ ಹಿಡಿದು ನಿಂತ. ನಾನೇ ಬಡಿಸಿದೆ. ಎರಡನೆಯ ಸಲವೂ ಬಂದ, ತಲೆಯೆತ್ತದೆ.

ನಾನು ಅವನ ಹತ್ತಿರ ಮರಳಿ ಹೋಗುವುದಿಲ್ಲ ಅತ್ತೆ. ನಿಮಗದು ಗೊತ್ತು. ಆದರೂ ಇಷ್ಟು ದಿನದಲ್ಲಿ “ಹೊಂದ್ಕೊಂಡು ಹೋಗೇ” ಎಂದು ಒಮ್ಮೆಯೂ ಹೇಳಲಿಲ್ಲ. ಹೆತ್ತ ಮಗನ ಎದುರು ಹೊರಗಿನವಳಿಗೆ ಜಾಗ ಕೊಡುವುದು ಸಣ್ಣ ಮಾತಲ್ಲ. ಈ ಉಪಕಾರವನ್ನು ಸಾಯುವವರೆಗೆ ಮರೆಯುವುದಿಲ್ಲ. ಗೆರ್ಟಿ ಕೂಡ ಸಂಜೆ ಪಕ್ಕಕ್ಕೆ ಬಂದು ಕೂತು, “ಖಾರ ಎಷ್ಟು ಹಾಕ್ದೆ ಹೇಳೇ ಮಾರಾಯ್ತಿ” ಎಂದಳು. ಆಮೇಲೆ ನಾನು ಚೀಲ ಬಿಚ್ಚಿದೆ.

ನಿಮ್ಮ ನಾಲಿಗೆಯ ವಿಷಯ ಯಾರಿಗೂ ಬಾಯಿ ಬಿಟ್ಟಿಲ್ಲ, ಸೆಲಿನ್‌ಗೂ ಇಲ್ಲ. ಚಿಂತೆ ಮಾಡಬೇಡಿ. ಆರೋಗ್ಯ ನೋಡಿಕೊಳ್ಳಿ.

ಎಂದಿಗೂ ನಿಮ್ಮವಳೇ,
ನಾದೆಜ್

ಮತ್ತೊಂದು ಮಾತು: ಸೋಮವಾರ ಸಂಜೆ ಪಕ್ಕದ ಡೇರೆಯವರು ತಮ್ಮ ಮಾತೆತೆಯನ್ನು ಒಂದು ಬಟ್ಟಲು ಕಳಿಸಿದ್ದರಲ್ಲ, ನೀವು ಒಂದೇ ಒಂದು ತುತ್ತು ಬಾಯಿಗಿಟ್ಟು, “ಥೂ, ಲವಂಗ ಸುರಿದುಬಿಟ್ಟಿದಾರೆ” ಎಂದಿರಿ. ಯಾರೂ ಕೇಳಿಸಿಕೊಳ್ಳಲಿಲ್ಲ ಎಂದುಕೊಂಡಿರಬೇಕು. ನಾನು ನಿಮ್ಮ ಬೆನ್ನ ಹಿಂದೆಯೇ ಪಾತ್ರೆ ತಿಕ್ಕುತ್ತಿದ್ದೆ. ಅಲ್ಲೇ ಕೂತು ಅತ್ತುಬಿಟ್ಟೆ ಅತ್ತೆ. ದೇವರ ದಯೆಯಿಂದ ಬರುವ ಈಸ್ಟರ್‌ಗೂ ನಿಮ್ಮ ನಾಲಿಗೆ ಸರಿಹೋಗದಿರಲಿ.