ಹನ್ನೊಂದು ಮನೆಗೆ ಒಂದೇ ತಂತಿ

ಅಯೋವಾ, ನಮ್ಮ ಮನೆಯಿಂದ
೧೧ ಜುಲೈ ೧೯೧೮, ಗುರುವಾರ

ನನ್ನ ಮುದ್ದು ಮೆನ್ನೋ,

ಹೇಗಿದ್ದೀಯೋ ಮಗನೇ? ಬೂಟು ಕಚ್ಚಿ ಹಿಮ್ಮಡಿಯ ಚರ್ಮ ಸುಲಿದುಹೋಗಿದೆ ಎಂದು ಬರೆದಿದ್ದೆಯಲ್ಲ, ವಾಸಿಯಾಯಿತೆ? ಮಲಗುವಾಗ ಹಂದಿಯ ಕೊಬ್ಬು ಸವರಿಕೋ, ನಾಚಿಕೆಪಡಬೇಡ. ಸೈನ್ಯದವರು ಕೊಡುವ ಕಾಫಿ ಕುಡಿದು ಹೊಟ್ಟೆ ಕೆಡಿಸಿಕೊಳ್ಳಬೇಡ. ಚಹಾ ಕುಡಿದು ಬೆಳೆದ ಹೊಟ್ಟೆ ನಿನ್ನದು. ಇಲ್ಲಿ ನಾನೂ ನಿಮ್ಮಪ್ಪನೂ ಗಟ್ಟಿಯಾಗಿದ್ದೇವೆ. ನಿನ್ನ ಹೆಂಡತಿ ಎಟ್ಟಾಗೆ ಕಾಲು ಊದಿಕೊಂಡಿವೆ, ಆದರೆ ಬಾಯಿಗೇನೂ ಆಗಿಲ್ಲ. "ಅತ್ತೆ, ಒಳಗೆ ನಿಮ್ಮ ಮಗನೇ ಕವಾಯತು ಮಾಡ್ತಿದಾನೆ ನೋಡಿ" ಎಂದು ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಾಳೆ.

ಇನ್ನು ಇಂಗ್ಲಿಷಿನಲ್ಲಿ ಬರೆಯಮ್ಮ ಎಂದು ಹೇಳಿದ್ದೀಯ. ನನ್ನ ಇಂಗ್ಲಿಷು ಪೇಟೆಯಲ್ಲಿ ಮೊಟ್ಟೆ ಮಾರುವುದಕ್ಕೆ ಸಾಕು, ಮಗನೊಡನೆ ಮಾತಾಡುವುದಕ್ಕೆ ಸಾಲದು. ನಿಮ್ಮ ಶಿಬಿರದಲ್ಲಿ ಪತ್ರ ಒಡೆದು ನೋಡುವವರಿದ್ದರೆ ನೋಡಲಿ. ಅಮೆರಿಕದ ಸಿಪಾಯಿಯೊಬ್ಬನಿಗೆ ಅವನ ತಾಯಿ ಜರ್ಮನ್ ಭಾಷೆಯಲ್ಲಿ ಹಿಮ್ಮಡಿಯ ಗಾಯ ವಿಚಾರಿಸಿದ್ದಾಳೆ ಎಂದು ವರದಿ ಬರೆದುಕೊಳ್ಳಲಿ.

ಜರ್ಮನಿಯ ಮೇಲೆ ಯುದ್ಧ ನಡೆದಿರುವಾಗ ಇಂಗ್ಲಿಷಲ್ಲದೆ ಬೇರೆ ಮಾತು ಕೂಡದೆಂದು ಗವರ್ನರ್ ಹುಕುಂ ಬಂದ ಮೇಲೆ ಊರು ಊರಾಗಿ ಉಳಿದಿಲ್ಲ ಕಣೋ. ರಸ್ತೆಯಲ್ಲಿ, ಅಂಗಡಿಯಲ್ಲಿ, ಇಗರ್ಜಿಯಲ್ಲಿ, ಫೋನಿನಲ್ಲಿ, ಎಲ್ಲಿಯೂ ನಮ್ಮ ಮಾತು ಆಡುವಂತಿಲ್ಲ. ನಮ್ಮ ಪಾದ್ರಿಗಳು ಇಂಗ್ಲಿಷಿನಲ್ಲಿ ಉಪದೇಶ ಕೊಡುತ್ತಾರೆ, ಹತ್ತು ನಿಮಿಷಕ್ಕೆ ಮುಗಿಯುತ್ತದೆ. ನಿಮ್ಮಪ್ಪನಿಗೆ ಅದೊಂದೇ ಸಂತೋಷ. ಫೋನಿನ ಸಂಗತಿ ನಿನಗೆ ಗೊತ್ತೇ ಇದೆ. ಹನ್ನೊಂದು ಮನೆಗೆ ಒಂದೇ ತಂತಿ, ಯಾರ ಮನೆಗೆ ಗಂಟೆ ಬಂದರೂ ಹನ್ನೊಂದು ಮನೆಯವರೂ ಎತ್ತಿ ಕೇಳುತ್ತಾರೆ. ಮೊದಲು ನಾನೂ ಕೇಳುತ್ತಿದ್ದೆ, ಸುಳ್ಳೇಕೆ ಹೇಳಲಿ. ಆಗ ಕೇಳಿದ್ದನ್ನು ಆಡಿಕೊಂಡು ನಗುತ್ತಿದ್ದೆವು. ಈಗ ಕೇಳಿದವರು, ದೇಶದ್ರೋಹಿಗಳನ್ನು ಹುಡುಕಲೆಂದು ಪೇಟೆಯಲ್ಲಿ ಮಾಡಿಕೊಂಡಿರುವ ಸಮಿತಿಗೆ ಹೋಗಿ ಹೇಳುತ್ತಾರೆ. ಕಳೆದ ವಾರ ಒಬ್ಬ ಮುದುಕಿ ತನ್ನ ತಂಗಿಗೆ ಫೋನಿನಲ್ಲಿ ಉಪ್ಪಿನಕಾಯಿಯ ಹದ ಹೇಳಿದ್ದಕ್ಕೆ ದ್ರೋಹಿಯ ಗುರುತೆಂದು ಮನೆಯ ಬಾಗಿಲಿಗೆ ಹಳದಿ ಬಣ್ಣ ಬಳಿದರು.

ನನ್ನ ಚಿಂತೆ ಬೇರೆ. ಮಗು ಅಡ್ಡ ಮಲಗಿದೆ. ಸೂಲಗಿತ್ತಿ ಗೇಶೆ ಬಂದು ಹೊಟ್ಟೆ ಮುಟ್ಟಿ ನೋಡಿ, "ತಾಲ್ಕೆ, ನಾನಿಲ್ದೆ ಈ ಹೆರಿಗೆ ಆಗ್ಬಾರ್ದು, ನೋವು ಬಂದ ಕೂಡ್ಲೇ ಕರಿ" ಎಂದಳು. ಪೇಟೆಯ ಡಾಕ್ಟರು ಯುದ್ಧಕ್ಕೆ ಹೋಗಿದ್ದಾರೆ. ಗೇಶೆಯ ಮನೆಯೂ ಇದೇ ತಂತಿಯಲ್ಲಿದೆ, ಆದರೆ ಅವಳಿರುವುದು ಹೊಳೆಯಾಚೆ, ಎಂಟು ಮೈಲಿ ದೂರ, ಅವಳಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಅದಕ್ಕೆ ಮುದುಕಿಯರಿಬ್ಬರೂ ಕೂತು ಒಂದು ಉಪಾಯ ಮಾಡಿದೆವು. ನಾನು ಅವಳ ಮನೆಯ ಗಂಟೆಯನ್ನು ಮೂರು ಸಲ ಬಾರಿಸಿ ಮಾತಾಡದೆ ಇಟ್ಟುಬಿಡುವುದು, ಅವಳು ಗಾಡಿ ಹೂಡಿ ಹೊರಡುವುದು. ಸೋಮವಾರ ಒಮ್ಮೆ ಪರೀಕ್ಷೆ ಮಾಡಿ ನೋಡಿದೆವು. ನಾನು ಬಾರಿಸಿದೆ, ಅವಳು ತಿರುಗಿ ಬಾರಿಸಿದಳು. ಏನೋ ದೊಡ್ಡ ಕೆಲಸ ಗೆದ್ದವಳಂತೆ ನಾನು ಹಿಗ್ಗಿದೆ. ದಡ್ಡಿ ನಾನು.

ನಿನ್ನೆ ಬೆಣ್ಣೆ ಫ್ಯಾಕ್ಟರಿಯ ಓಲ್ಟ್‌ಮನ್ ಬಂದಿದ್ದ. ಅವನೂ ಈಗ ಸಮಿತಿಯಲ್ಲಿದ್ದಾನೆ. ನಮ್ಮವನೇ, ನಿನ್ನ ನಾಮಕರಣಕ್ಕೆ ನಿಂತು ಪ್ರಾರ್ಥನೆ ಹೇಳಿದವನೇ. ಚಹಾ ಕೊಟ್ಟೆ, ಕಲ್ಲುಸಕ್ಕರೆ ಹಾಕಿ, ಮೇಲೆ ಕೆನೆ ಬಿಟ್ಟು. ಒಂದೇ ಬಟ್ಟಲು ಕುಡಿದು, ಇನ್ನು ಸಾಕೆಂದು ಅದರೊಳಗೆ ಚಮಚ ಇಟ್ಟ. ನಮ್ಮಲ್ಲಿ ಮೂರು ಬಟ್ಟಲು ಕುಡಿಯದೆ ಎದ್ದವನು ಜಗಳಕ್ಕೆ ಬಂದವನೆಂದೇ ಅರ್ಥ. ನನ್ನ ಅಡುಗೆಮನೆಯಲ್ಲಿ ಕೂತು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದ. ಮಾತಿಲ್ಲದೆ ಗಂಟೆ ಬಾರಿಸುವುದು ಗುಪ್ತ ಸಂಕೇತವಂತೆ, ಯಾರು ಯಾರಿಗೆ ಏನು ತಿಳಿಸುತ್ತಿದ್ದಾರೆಂದು ಸಮಿತಿ ಕೇಳುತ್ತಿದೆಯಂತೆ. ಎಟ್ಟಾಳ ಹೊಟ್ಟೆ ತೋರಿಸಿ "ಇದನ್ನೇ ಕಣೋ ತಿಳಿಸ್ತಿರೋದು" ಎಂದೆ. ಅವನು ಅತ್ತ ನೋಡಲಿಲ್ಲ. ಬಾಗಿಲಲ್ಲಿ ಮಾತ್ರ, ಟೋಪಿ ಹಾಕಿಕೊಳ್ಳುತ್ತ, ನಮ್ಮ ಮಾತಿನಲ್ಲಿ ಪಿಸುಗುಟ್ಟಿದ: "ತಾಲ್ಕೆ ಅಕ್ಕ, ಸೇತುವೆ ಹತ್ರ ಜನ ಇಟ್ಟಿದಾರೆ. ದಮ್ಮಯ್ಯ, ಫೋನ್ ಮುಟ್ಬೇಡ." ರಸ್ತೆಯ ಎರಡೂ ಕಡೆ ನೋಡಿಕೊಂಡೇ ಮೆಟ್ಟಿಲಿಳಿದ. ಬಂದವನಿಗೇ ಅಷ್ಟು ಭಯವಿದ್ದರೆ ನಾವೇನು ಮಾಡಬೇಕು?

ನೀನು ಹೆದರಬೇಡ. ಇನ್ನೂ ಎರಡು ವಾರವಿದೆ ಎಂದು ಗೇಶೆಯ ಲೆಕ್ಕ. ಭಾನುವಾರ ನಿಮ್ಮಪ್ಪ ಹೋಗಿ ಅವಳನ್ನು ಕರೆತರುತ್ತಾರೆ, ಹೆರಿಗೆಯಾಗುವವರೆಗೆ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ಗಂಡಾದರೆ ಏನು ಹೆಸರೆಂದು ಎಟ್ಟಾ ಕೇಳಿದ್ದಾಳೆ, ಬೇಗ ಬರೆ. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ, ಹೋದ ಹಾಗೆಯೇ ತಿರುಗಿ ಬಾ.

ನಿನ್ನ ಅಮ್ಮ,
ತಾಲ್ಕೆ

ತಾ.ಕ. ಶುಕ್ರವಾರ, ಬೆಳಿಗ್ಗೆ. ಎಟ್ಟಾಗೆ ನೋವು ಶುರುವಾಗಿದೆ. ನಿಮ್ಮಪ್ಪ ಓಟ್ಸ್ ಪೈರು ಕೊಯ್ದು ಕಟ್ಟುವ ದಾರ ತರಲು ಎರಡೂ ಕುದುರೆ ಹೂಡಿಕೊಂಡು ಪೇಟೆಗೆ ಹೋಗಿದ್ದಾರೆ, ಮಧ್ಯಾಹ್ನದವರೆಗೆ ಬರುವುದಿಲ್ಲ. ಎಂಟು ಗಂಟೆಗೆ ಗೇಶೆಗೆ ಫೋನ್ ಮಾಡಿದೆ, ನಮ್ಮ ಮಾತಿನಲ್ಲೇ ಮಾತಾಡಿದೆ. ನೀರಿನ ಚೀಲ ಒಡೆದಿದೆ, ಮಗುವಿನ ಒಂದು ಕಾಲು ಕೆಳಗಿದೆ ಎಂದು ನಾನು ಯಾವ ಇಂಗ್ಲಿಷಿನಲ್ಲಿ ಹೇಳಲಿ? ಒಂದೊಂದೇ ಮನೆಯವರು ಎತ್ತಿಕೊಂಡ ಸದ್ದು ಕೇಳಿಸಿತು. "ಕೇಳೋರೆಲ್ಲ ಕೇಳಿ, ಆಮೇಲೆ ನನ್ನನ್ನು ಎಲ್ಲಿಗಾದ್ರೂ ಎಳ್ಕೊಂಡು ಹೋಗಿ, ಮೊದಲು ಗೇಶೇನ ಬಿಡಿ" ಎಂದೆ. "ಹೊರಟೆ" ಎಂದು ಗೇಶೆ ಇಟ್ಟುಬಿಟ್ಟಳು.

ಈಗ ಹತ್ತಾಯಿತು. ಮಹಡಿಯ ಕಿಟಕಿಯಿಂದ ಸೇತುವೆ ಕಾಣುತ್ತದೆ. ಗೇಶೆಯ ಗಾಡಿ ಆಚೆ ನಿಂತು ಅರ್ಧ ಗಂಟೆಯಾಯಿತು, ಈಚೆ ಎರಡು ಕಾರು ಅಡ್ಡ ನಿಂತಿವೆ. ಮೂರನೆಯದೊಂದು ಕಾರು ನಮ್ಮ ಮನೆಯ ಕಡೆಗೇ ಬರುತ್ತಿದೆ. ಈ ಪತ್ರ ಕೈಸೇರಿದ ಕೂಡಲೇ ನಿನ್ನ ಅಧಿಕಾರಿಯ ಹತ್ತಿರ ಹೋಗಿ ನಿನ್ನ ಚೆಂದದ ಇಂಗ್ಲಿಷಿನಲ್ಲಿ ಎಲ್ಲ ಹೇಳು, ನಿನ್ನ ಮೈಮೇಲಿನ ಬಟ್ಟೆ ನೋಡಿಯಾದರೂ ಕೇಳಿಯಾರು. ನಿನ್ನ ಕೈಗೆ ಸೇರಲು ನಾಲ್ಕು ದಿನ ಬೇಕೆಂದು ನನಗೆ ಗೊತ್ತು. ಎಟ್ಟಾ "ಅತ್ತೆ, ಆಗ್ತಿಲ್ಲ, ಆಗ್ತಿಲ್ಲ" ಎಂದು ನಮ್ಮ ಮಾತಿನಲ್ಲಿ ಊರಿಗೇ ಕೇಳುವ ಹಾಗೆ ಕೂಗುತ್ತಿದ್ದಾಳೆ. ಕಾರು ಗೇಟಿಗೆ ಬಂತು. ಅವಳ ಕಿಟಕಿ ಮುಚ್ಚಿ ಬರುತ್ತೇನೆ.