ತಗಡಿನ ಚಾವಣಿ

ಮಾರ್ಚ್ ೧೧, ಮಂಗಳವಾರ

ಆ ಅಜ್ಜಿ ಕಣ್ಣ ಮುಂದಿನಿಂದ ಸರಿಯುತ್ತಲೇ ಇಲ್ಲ.

ಹೊಸ ವಿದ್ಯುತ್ ಲೈನಿನ ಗೋಪುರಗಳಿಗೆ ಗೂಟ ಹೊಡೆಸಲು ಹೋಗಿದ್ದೆ. ತಂತಿ ಮನೆಗಳ ಮೇಲೆ ಹಾಯಬಾರದು, ಶೆಡ್ಡಿನ ಮೇಲಾದರೆ ಅಡ್ಡಿಯಿಲ್ಲ. ನಕ್ಷೆಯಲ್ಲಿ ಶೆಡ್ ಎಂದಿದ್ದ ಜಾಗದಲ್ಲಿ ಕಿಟಕಿಗೆ ಹೂವಿನ ಪರದೆ ಕಟ್ಟಿದ ಮನೆಯಿತ್ತು. ಹೊಸ್ತಿಲಲ್ಲಿ ಅಜ್ಜಿ ಬೆಳ್ಳುಳ್ಳಿ ಬಿಡಿಸುತ್ತಿದ್ದರು.

"ನಿನ್ನ ಕಾಗದದಲ್ಲಿ ನನ್ನ ಮನೆ ಎಲ್ಲಿದೆ, ತೋರ್ಸಪ್ಪ."

ತೋರಿಸಿದೆ.

"ಏನಂತ ಬರ್ದಿದೆ?"

"ಮನೆ ಅಂತ," ಎಂದುಬಿಟ್ಟೆ.

"ಮತ್ತೆ ಗೂಟ ಯಾಕೆ ಹೊಡೀತಿದ್ದೀಯ?"

ಉಪಗ್ರಹದ ಚಿತ್ರದಲ್ಲಿ ತಗಡಿನ ಚಾವಣಿ ಕಂಡರೆ ಶೆಡ್, ಹೆಂಚು ಕಂಡರೆ ಮನೆ. ಇದು ಕೆಲಸ ಬೇಗ ಮುಗಿಯಲೆಂದು ನಾನೇ ಹಿಡಿದ ಅಡ್ಡದಾರಿ. ಗೂಟ ಕೀಳಿಸಿದೆ. ಸಾಹೇಬರು ಫೋನಿನಲ್ಲಿ ಉರಿದುಬಿದ್ದರು. "ಒಬ್ಬ ಮುದುಕಿಗೋಸ್ಕರ ಲೈನು ತಿರುಗಿಸ್ತೀಯೇನಯ್ಯಾ?" ತಿರುಗಿಸುತ್ತೇನೆ ಎಂದೆ. ಎರಡು ಗೋಪುರ ಹೆಚ್ಚಾದರೆ ಆಗಲಿ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ನನ್ನ ಬೆರಳನ್ನೇ ನೋಡುತ್ತಿದ್ದಳು. "ತಟ್ಟೇಲೂ ಗೆರೆ ಎಳೀತಿದ್ದೀರಲ್ಲ! ತಪ್ಪು ಸರಿಮಾಡಿ ಬಂದಿದ್ದೀರಿ, ಇನ್ನೇನು ಚಿಂತೆ?"

ಅವಳಿಗೆ ಹೇಳಲಾಗಲಿಲ್ಲ. ಹೋದ ವರ್ಷದ ಲೈನಿಗೂ ಕಚೇರಿಯ ಕುರ್ಚಿಯಲ್ಲೇ ಕೂತು, ಇದೇ ಲೆಕ್ಕದಲ್ಲಿ ಹದಿನಾಲ್ಕು ಶೆಡ್ ಬರೆದಿದ್ದೆ. ಅಲ್ಲಿ ಗೂಟ ಹೊಡೆಸಲು ಹೋದವನು ನಾನಲ್ಲ. ಯಾರೂ ಏನೂ ಕೇಳಿದಂತಿಲ್ಲ, ಅಥವಾ ಕೇಳಿದ್ದು ನನ್ನ ಮೇಜಿನವರೆಗೆ ಬರಲಿಲ್ಲ. ಆ ತಂತಿಯಲ್ಲಿ ಈಗ ಕರೆಂಟು ಹರಿಯುತ್ತಿದೆ. ಈ ದೀಪಕ್ಕೂ ಅದೇ ಬರುತ್ತಿದೆಯೋ ಏನೋ.

ಆ ಹದಿನಾಲ್ಕರಲ್ಲಿ ಎಷ್ಟರ ಕಿಟಕಿಗೆ ಪರದೆ ಕಟ್ಟಿತ್ತೋ.