ಗುರುದೇವಿಯ ಫೈಲುಗಳು

ನವೆಂಬರ್ 3, ಸೋಮವಾರ. ಬೆಳಿಗ್ಗೆ

ಹಾಲು, ಹೂವು, ಮುಂದಿನ ಕೋಣೆಯ ಕಸ, ಬೋರ್ಡಿನ ಧೂಳು. ಎಲ್ಲಾ ಆಯಿತು. ಕಂಪ್ಯೂಟರ್ ಮಾತ್ರ ಆನ್ ಮಾಡಲು ಮನಸ್ಸಾಗಲಿಲ್ಲ. ನಿನ್ನೆ ಸಂಜೆ ಮಲ್ಲತ್ತಹಳ್ಳಿಯಿಂದ ವಾಪಸು ಬಂತು. ಹೊರಗೆ ಅದೇ ಕಪ್ಪು ಡಬ್ಬ. ಒಳಗೆ ಬೇರೆ.

ಹಳೆಯ ವಿಂಡೋಸ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲವಂತೆ. ಹೊಸದು ಈ ಮಷೀನಿಗೆ ಹಿಡಿಸುವುದಿಲ್ಲವಂತೆ. ಹೇಳಿದ್ದು ಅಮರೇಶ, ನನ್ನ ಜೊತೆ ಕೆಲಸ ಮಾಡುವ ಗುರುದೇವಿಯ ಗಂಡ. ಡಿಪ್ಲೊಮಾ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತಾರೆ. "ವಿಂಡೋಸ್ ಬದಲು ಲಿನಕ್ಸ್ ಹಾಕ್ಕೊಡ್ತೀನಿ ಮೇಡಂ. ಫ್ರೀ. ವೈರಸ್ ಕಾಟಾನೂ ಇಲ್ಲ." ಶನಿವಾರ, ಭಾನುವಾರ ಮಲ್ಲತ್ತಹಳ್ಳಿಯ ತಮ್ಮ ಮನೆಯಲ್ಲಿಟ್ಟುಕೊಂಡು ಮಾಡಿಕೊಟ್ಟರು. ಟೀ ಕೂಡ ಕುಡಿಯದೆ ಹೋದರು.

ಫ್ರೀ ಅಂದರೆ ಯಾರು ಕೊಡುತ್ತಾರೆ? ಅವರಿಗೇನು ಲಾಭ? ಕೇಳಬೇಕಿತ್ತು. ಕೇಳಿದರೆ ಪೆದ್ದಿ ಅಂದುಕೊಂಡಾರು ಎಂದು ಸುಮ್ಮನಾದೆ.

ಈ ವಧು-ವರ ಕೇಂದ್ರದಲ್ಲಿ ನಮ್ಮ ಹತ್ತಿರ ಇರುವುದು ಒಂದೇ — ಮನೆಗಳ ವಿಷಯ. ಅದೆಲ್ಲಾ ಈ ಡಬ್ಬದಲ್ಲಿದೆ. ಎರಡು ದಿನ ಬೇರೆಯವರ ಮನೆಯಲ್ಲಿತ್ತು.

ಬೇರೆಯವರು ಎಂದು ಬರೆದೆ. ಗುರುದೇವಿ ಬೇರೆಯವಳಾ?

ನವೆಂಬರ್ 4, ಮಂಗಳವಾರ

C ಡ್ರೈವ್ ಇಲ್ಲ. D ಕೂಡ ಇಲ್ಲ. ‘ಹೋಮ್’ ಎಂಬ ಒಂದು ಫೋಲ್ಡರ್. ಅದರಾಚೆ ಏನಿದೆ ಎಂದು ನೋಡಲು ಹೋದರೆ ನಿಮಗೆ ಪರ್ಮಿಷನ್ ಇಲ್ಲ ಎನ್ನುತ್ತದೆ. ನನ್ನದೇ ಕಂಪ್ಯೂಟರ್. ನನಗೇ ಪರ್ಮಿಷನ್ ಇಲ್ಲ.

ಪ್ರಿಂಟರ್ ಓಡಲಿಲ್ಲ. ಅಮರೇಶ್‌ಗೆ ಫೋನ್. ಒಂದು ಕಪ್ಪು ಕಿಟಕಿ ತೆರೆಸಿ, ಏನೇನೋ ಬರೆಸಿದರು.

"ಈಗ ಪಾಸ್‌ವರ್ಡ್ ಕೇಳತ್ತೆ, ಹೊಡೀರಿ ಮೇಡಂ."

"ಹೊಡೀತಾ ಇದೀನಿ. ಏನೂ ಬೀಳ್ತಿಲ್ಲ."

"ಬೀಳ್ತಿದೆ. ಕಾಣಲ್ಲ ಅಷ್ಟೇ."

"ಚುಕ್ಕೀನಾದ್ರೂ ಕಾಣ್ಬೇಕಲ್ಲ?"

"ಚುಕ್ಕೀನೂ ಕಾಣಲ್ಲ. ನಂಬಿ ಹೊಡೀರಿ."

ನಂಬಿ ಹೊಡೆದೆ. ಪ್ರಿಂಟರ್ ಓಡಿತು. ಆದರೆ ಆ ಪಾಸ್‌ವರ್ಡ್ ಇಟ್ಟವರೂ ಅವರೇ. ಬದಲಾಯಿಸುವುದು ಹೇಗೆಂದು ಅವರನ್ನೇ ಕೇಳಬೇಕು. ಕೇಳಿದರೆ ಯಾಕೆ ಎನ್ನುತ್ತಾರೆ.

ನವೆಂಬರ್ 6, ಗುರುವಾರ

ಗುರುದೇವಿ ಇವತ್ತು ರಾಣೆಬೆನ್ನೂರಿಗೆ ಹೊರಟಳು. ತಮ್ಮನ ಮನೆಯ ಗೃಹಪ್ರವೇಶ. ಮುಂದಿನ ವಾರ ಬರುತ್ತಾಳೆ. ಹೋಗುವ ಮುಂಚೆ ಹೊಸ ಸ್ಕ್ರೀನಿನ ಮುಂದೆ ಕೂತು ಒಂದು ಇಂಗ್ಲಿಷ್ ಹಾಳೆ ತೆಗೆದು ನೋಡಿದಳು. "ಚೆನ್ನಾಗೇ ಇದೆಯಲ್ಲ ಅಕ್ಕ. ಹೆದರ್ಕೋಬೇಡಿ." ಮಷೀನ್ ನನ್ನದೋ ಅವಳದೋ ಎನಿಸಿತು.

ಕೆಲಸ ನಾವು ಹಂಚಿಕೊಂಡಿರುವುದು ಹೀಗೆ. ಪ್ರತಿ ಹುಡುಗ, ಹುಡುಗಿಗೂ ಎರಡು ಹಾಳೆ. ಇಂಗ್ಲಿಷಿನದು ನನ್ನದು: ಓದು, ಕಂಪನಿ, ಹೈಟು, ಹವ್ಯಾಸ. ಅದು ಹುಡುಗ ಹುಡುಗಿಯ ಫೋನಿಗೆ ಹೋಗುತ್ತದೆ. ಕನ್ನಡದ್ದು ಗುರುದೇವಿಯದು: ಮನೆದೇವರು, ಗುರುಮಠ, ಬೆಡಗು (ಗೋತ್ರದ ಹಾಗೆ), ತಾಯಿಯ ತವರು, ಯಾರ ಮನೆಗೆ ಯಾರನ್ನು ಕೊಟ್ಟಿದೆ. ಅದು ಹಿರಿಯರಿಗೆ. ದೇವರ ಜಗುಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಆಮೇಲೆ ಓದುತ್ತಾರೆ. ನನ್ನ ಹಾಳೆಗೆ ಯಾರೂ ವಿಭೂತಿ ಹಚ್ಚಿದ್ದಿಲ್ಲ. ಸಂಬಂಧ ಕೂಡುವುದು, ಮುರಿಯುವುದು ಅವಳ ಹಾಳೆಯ ಮೇಲೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಕನ್ನಡ ಕೈಯಲ್ಲಿ ಬರೆಯುತ್ತೇನೆ, ಹೀಗೆ. ಟೈಪ್ ಬರುವುದಿಲ್ಲ. ಕಲಿಯುವ ಅಗತ್ಯ ಬೀಳಲಿಲ್ಲ. ಅವಳಿದ್ದಳು.

ಕಳೆದ ತಿಂಗಳು ಅಂದಿದ್ದಳು: "ನಮ್ಮ ಕಡೆ ಜನ ಮನೆಗೇ ಬಂದು ಕೇಳ್ತಾರೆ ಅಕ್ಕ. ಮುಂದಿನ ರೂಮು ಖಾಲಿ ಇದೆ. ಅಲ್ಲೇ ಒಂದು ಸೆಂಟರ್ ಮಾಡಿದ್ರೆ ಹೇಗೆ ಅಂತ." ನಾನು ನಕ್ಕೆ. ಅವಳೂ ನಕ್ಕಳು. ಅದು ತಮಾಷೆಯಾ ಎಂದು ಆಗ ಕೇಳಲಿಲ್ಲ.

ನವೆಂಬರ್ 8, ಶನಿವಾರ. ಮಧ್ಯಾಹ್ನ

ಗುರುದೇವಿಯ ಫೋಲ್ಡರ್ ತೆರೆದೆ. ಮೊದಲ ಫೈಲ್ — ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ರಾಶಿ. ತಲೆಯ ಮೇಲೆ ಟೋಪಿ, ಕಾಲಡಿ ಬಾಲ, ನಡುವೆ ಪೌಂಡಿನ ಗುರುತು. PÀ£ÀßqÀ ಅಂತ ಏನೇನೋ. ಎರಡನೆಯದು, ಮೂರನೆಯದು. ಎಲ್ಲಾ ಹಾಗೆಯೇ.

ನನ್ನ ಇಂಗ್ಲಿಷ್ ಹಾಳೆಗಳು ಸರಿಯಾಗಿವೆ. ಒಂದು ಕಾಮಾ ಕೂಡ ಕದಲಿಲ್ಲ.

ಇದೇ ಮಷೀನಿನಲ್ಲಿ ಕನ್ನಡ ಪೇಪರಿನ ಸೈಟು ತೆಗೆದು ನೋಡಿದೆ. ಅಂದವಾಗಿ ಬಂತು. ಹಾಗಾದರೆ ಈ ಲಿನಕ್ಸ್‌ಗೆ ಕನ್ನಡ ಗೊತ್ತು. ಗುರುದೇವಿಯ ಕನ್ನಡ ಮಾತ್ರ ಗೊತ್ತಿಲ್ಲ. ಯಾಕೆ?

ಅವಳ ಫೈಲುಗಳ ಮುಂದೆಲ್ಲಾ ಹೋದ ಶನಿವಾರದ ತಾರೀಖು. ಆವತ್ತು ಕಂಪ್ಯೂಟರ್ ಅವರ ಮನೆಯಲ್ಲಿತ್ತು. ಯಾರೋ ಒಂದೊಂದನ್ನೂ ಮುಟ್ಟಿದ್ದಾರೆ. ನನ್ನ ಫೈಲುಗಳ ತಾರೀಖು ನೋಡಲಿಲ್ಲ ಎಂದು ಬರೆಯುವಾಗ ಹೊಳೆಯುತ್ತಿದೆ. ನೋಡಬೇಕು.

ನೋಡಲು ಏಳಲಿಲ್ಲ. ಅದನ್ನೂ ಬರೆದಿಡುತ್ತೇನೆ.

ಅದೇ ದಿನ, ಸಂಜೆ

ಗಂಡ ಚನ್ನವೀರೇಶ್‌ಗೆ ಹೇಳಿದೆ. ಟಿವಿ ಮ್ಯೂಟ್ ಮಾಡದೆಯೇ ಕೇಳಿಸಿಕೊಂಡರು.

"ಲಾಕ್ ಮಾಡಿದಾಳೆ ಅಂತೀಯಾ?"

"ಹಾಗನ್ನಲ್ಲ. ಅವಳ ಫೈಲಷ್ಟೇ ಹಿಂಗಾಗಿದೆ ಅಂತೀನಿ."

"ಫೋನ್ ಮಾಡಿ ಕೇಳು ಮಾರಾಯ್ತಿ."

"ಕೇಳಿದ್ರೆ ಎಚ್ಚರ ಆಗ್ತಾಳೆ."

ಆಗ ಮ್ಯೂಟ್ ಮಾಡಿದರು. "ಅನಘಾ, ನಿನಗೆ ಅನುಮಾನ ಲಿನಕ್ಸ್ ಮೇಲಾ, ಗುರುದೇವಿ ಮೇಲಾ? ಒಂದು ಫಿಕ್ಸ್ ಮಾಡ್ಕೋ. ಎರಡೂ ಕಡೆ ಯುದ್ಧ ಆಗಲ್ಲ."

ನಗು ಬರಲಿಲ್ಲ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತು, ಒಂದೇ ಡಬ್ಬಿಯ ಚಿತ್ರಾನ್ನ ತಿಂದವಳನ್ನು ಒಂದು ಪ್ರಶ್ನೆ ಕೇಳಲು ನನಗೇಕೆ ಆಗುತ್ತಿಲ್ಲ? ಇಲ್ಲ ಎಂದು ಅವಳು ಹೇಳಿದರೆ ನಂಬುತ್ತೇನಾ? ನಂಬದಿದ್ದರೆ ಕೇಳಿ ಏನು ಪ್ರಯೋಜನ?

ನವೆಂಬರ್ 9, ಭಾನುವಾರ

ಬಸವರಾಜೇಶ್ವರಿ ಆಂಟಿಯ ಫೋನ್. ರಾಜಾಜಿನಗರದವರು, ದಾವಣಗೆರೆ ಕಡೆಯಿಂದ ಬಂದು ನೆಲೆಸಿದವರು. ರಾಜಾಜಿನಗರದ ಹೆಂಗಸರ ಸಂಘ ಅಕ್ಕನ ಬಳಗದಲ್ಲಿ ಅವರ ಮಾತೇ ಮಾತು. ನಮ್ಮಲ್ಲಿಗೆ ಬರುವ ಅರ್ಧ ಮನೆಗಳು ಅವರು ಹೇಳಿ ಕಳಿಸಿದವು. ಈಗ ಅವರದೇ ಮಗಳಿಗೆ ಹಾವೇರಿಯ ಸಂಬಂಧ. ಹುಡುಗನ ಅಜ್ಜ ಕನ್ನಡದ ಹಾಳೆ ಕೇಳಿದ್ದಾರೆ.

"ಸಂಜಿ ಒಳಗ ಬೇಕವ್ವಾ."

ಹೇಳಬಹುದಾಗಿದ್ದು ಎಷ್ಟೋ ಇತ್ತು. ಕಂಪ್ಯೂಟರ್ ಬದಲಾಗಿದೆ, ಗುರುದೇವಿ ಬರುವವರೆಗೆ ತಡೆಯಿರಿ. ನಾನು ಹೇಳಿದ್ದು — ಇದನ್ನು ಇದ್ದಂತೆಯೇ ಬರೆಯಬೇಕು —

"ಆಂಟಿ, ಗುರುದೇವಿ ಬೇರೆ ಸೆಂಟರ್ ಮಾಡ್ತಿದಾಳೆ. ನಿಮಗೆ ಗೊತ್ತಾ?"

"ಇಲ್ಲಲ್ಲ. ಯಾವಾಗ?"

"ಕನ್ನಡದ ಫೈಲ್ ಒಂದೂ ನನಗೆ ಓಪನ್ ಆಗ್ತಿಲ್ಲ. ಕಂಪ್ಯೂಟರ್ ಹೋದ ವಾರ ಅವಳ ಮನೇಲಿತ್ತು."

ಆ ಕಡೆ ಕುಕ್ಕರ್ ಕೂಗುವುದು ಕೇಳಿಸಿತು.

"ಅಂದ್ರ ನಮ್ಮನಿ ವಿಷಯ ಎಲ್ಲಾ ಹೊತ್ಕೊಂಡು ಹೋದ್ಲು ಅನ್ನು."

"ಹಾಗನ್ನಲ್ಲ ಆಂಟಿ. ಸ್ವಲ್ಪ ನೋಡ್ಕೊಂಡಿರಿ ಅಂದೆ ಅಷ್ಟೇ."

ಹಾಗನ್ನುವುದಿಲ್ಲ ಎನ್ನುತ್ತಲೇ ಹಾಗೆಯೇ ಅಂದೆ. ಫೋನ್ ಇಟ್ಟ ಮೇಲೆ ಎದೆ ಹಗುರವಾಗಿತ್ತು. ಅದು ಯಾಕೆ ಹಗುರವಾಯಿತು ಎಂಬುದು ತಿಳಿಯುತ್ತಿಲ್ಲ.

ನವೆಂಬರ್ 13, ಗುರುವಾರ

ಗುರುದೇವಿ ಬಂದಳು. ಗೃಹಪ್ರವೇಶದ ಕರ್ಚಿಕಾಯಿ ಕೊಟ್ಟಳು. ಚಪ್ಪಲಿ ಬಿಡುವಾಗಲೇ ಮಾತು — ಬಸ್ಸು, ತಮ್ಮನ ಹೆಂಡತಿ, ಹೊಸ ಮನೆಯ ಬಾತ್‌ರೂಮಿನ ಟೈಲ್ಸು. ನಾನು ಒಂದು ಫೈಲ್ ತೆರೆದು ಸ್ಕ್ರೀನ್ ಅವಳ ಕಡೆ ತಿರುಗಿಸಿ ಮುಖ ನೋಡುತ್ತಾ ನಿಂತೆ. ಪೊಲೀಸಿನವರ ಹಾಗೆ.

ಅವಳು ಗಾಬರಿಯಾಗಲಿಲ್ಲ. ಹಣೆ ಚಚ್ಚಿಕೊಂಡಳು.

"ಅಯ್ಯೋ, ಫಾಂಟ್ ಹಾಕಿಲ್ಲ. ನಮ್ಮ ಯಜಮಾನ್ರಿಗೆ ಇಷ್ಟೂ ಗೊತ್ತಾಗಲ್ವಾ."

"ಯಾವ ಫಾಂಟು?"

"ನಾನು ಟೈಪ್ ಮಾಡೋದು ಹಳೇ ಕನ್ನಡ ಫಾಂಟಲ್ಲಿ ಅಕ್ಕ. ಪ್ರೆಸ್ಸಿನೋರು ಅದನ್ನೇ ಕೇಳ್ತಾರೆ. ಮಷೀನಿನ ಒಳಗೆ ಅದು ಇಂಗ್ಲಿಷ್ ಅಕ್ಷರಾನೇ. ಆ ಫಾಂಟ್ ಇದ್ರೆ ಕನ್ನಡ ಕಾಣತ್ತೆ, ಇಲ್ದಿದ್ರೆ ಹಿಂಗೆ ವಿಕಾರ. ಪೇಪರು, ವಾಟ್ಸಾಪು ಎಲ್ಲಾ ಹೊಸ ಥರದ್ದು, ಅದಕ್ಕೆ ಇದು ಬೇಡ."

ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದಳು. ಫಾಂಟ್ ಒತ್ತಿದಳು, ಇನ್‌ಸ್ಟಾಲ್ ಒತ್ತಿದಳು, ಫೈಲ್ ಮುಚ್ಚಿ ತೆರೆದಳು. ಮನೆದೇವರು ಬಂದರು. ಗುರುಮಠ ಬಂತು. ತಾಯಿಯ ತವರು ಬಂತು. ಒಂದಕ್ಷರ ಹೋಗಿರಲಿಲ್ಲ.

"ತಾರೀಖು?" ಎಂದೆ.

"ಕಾಪಿ ಮಾಡಿದ ದಿನದ್ದು ತಗೊಂಡಿರತ್ತೆ. ನಿಮ್ಮ ಫೋಲ್ಡರೂ ನೋಡಿ, ಅದೇ ಇರತ್ತೆ."

ಅದೇ ಇತ್ತು.

"ನನಗೊಂದು ಫೋನ್ ಮಾಡ್ಬಾರ್ದಾ ಅಕ್ಕ? ಇಷ್ಟು ದಿನ ಒದ್ದಾಡಿದ್ರಾ?"

"ಫಂಕ್ಷನ್ ನಡುವೆ ತೊಂದರೆ ಯಾಕೆ ಅಂತ." ಇಷ್ಟು ಸಲೀಸಾಗಿ ಬಂತು. ಆಮೇಲೆ ಕೇಳಿದೆ: "ನಿಮ್ಮನೆ ರೂಮಿನ ವಿಷಯ, ಸೆಂಟರ್ ಅಂದಿದ್ಯಲ್ಲ. ನಿಜವಾ?"

ಮುಚ್ಚಿಡಲಿಲ್ಲ. "ಹೂಂ ಅಕ್ಕ. ಯುಗಾದಿಗೆ ಶುರು ಮಾಡೋಣ ಅಂತ. ದಿನಾ ಈ ಮಾಗಡಿ ರೋಡ್ ಟ್ರಾಫಿಕ್ಕು ಆಗ್ತಿಲ್ಲ. ನಿಮಗೆ ಕನ್ನಡ ಟೈಪಿಂಗ್ ಕಲಿಸೇ ಹೋಗ್ತೀನಿ. ಇಲ್ಲಿನ ಮನೆಗಳು ಇಲ್ಲೇ. ಒಂದೂ ಮುಟ್ಟಲ್ಲ."

ನಂಬಿದೆ. ಅಥವಾ ನಂಬಿದಂತೆ ತಲೆಯಾಡಿಸಿದೆ.

ನವೆಂಬರ್ 15, ಶನಿವಾರ

ಆಂಟಿಗೆ ಕನ್ನಡದ ಹಾಳೆ ವಾಟ್ಸಾಪ್ ಮಾಡಿದೆ. "ಸಿಕ್ತಾ? ಹೆಂಗ ಸಿಕ್ತು?" ಎಂದು ವಾಯ್ಸ್ ಮೆಸೇಜ್ ಬಂತು. ಕಂಪ್ಯೂಟರ್ ರಿಪೇರಿ ಆಯಿತು ಎಂದು ಟೈಪ್ ಮಾಡಿದೆ, ಇಂಗ್ಲಿಷಿನಲ್ಲಿ. ಇನ್ನೊಂದು ಸಾಲು ಬರೆಯಬೇಕಿತ್ತು, ಗುರುದೇವಿಯ ತಪ್ಪೇನಿಲ್ಲ ಎಂದು. ಗುರುದೇವಿ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಬರೆದರಾಯಿತು ಎಂದುಕೊಂಡೆ.

ನವೆಂಬರ್ 19, ಬುಧವಾರ

ಆ ಸಾಲು ಇನ್ನೂ ಬರೆದಿಲ್ಲ. ಮೊದಲು ನೋಡೋಣ ಎಂದು. ಏನನ್ನು ನೋಡುವುದು?

ಇವತ್ತು ಊಟ ಮಾಡಿ ಬಂದು ನೋಡಿದರೆ ಗುರುದೇವಿ ಹಳೆಯ ಹಾಳೆಗಳನ್ನು ತೆರೆದು ಒಂದೊಂದು ಸಾಲಿಗೂ ಬೆರಳಿಟ್ಟು ಓದುತ್ತಿದ್ದಳು. ಊಟದ ಡಬ್ಬಿ ಮುಚ್ಚಿಯೇ ಇತ್ತು.

"ಏನು ಹುಡುಕ್ತಿದೀಯ?"

"ತಪ್ಪು ಏನಾದ್ರೂ ಟೈಪ್ ಮಾಡಿದೀನಾ ಅಂತ ಅಕ್ಕ."

"ಯಾಕೆ?"

"ರಾಜಾಜಿನಗರದೋರು ಯಾರೂ ನನ್ನ ಫೋನ್ ಎತ್ತುತ್ತಿಲ್ಲ. ಬಸವರಾಜೇಶ್ವರಿ ಆಂಟಿ ಒಬ್ರೇ ಎತ್ತಿದ್ರು. ‘ನಮ್ಮನಿ ವಿಷಯ ನಿನ್ನ ಬಾಯಾಗ ಬ್ಯಾಡ’ ಅಂದ್ರು, ಫೋನ್ ಇಟ್ರು. ಯಾರ ಮನೆ ಬೆಡಗಾದ್ರೂ ತಪ್ಪು ಬಿದ್ದು, ಅದರಿಂದ ಸಂಬಂಧ ಮುರೀತೇನೋ. ಅಷ್ಟು ದೊಡ್ಡೋರು ಸುಮ್ನೆ ಹಂಗನ್ನಲ್ಲ."

ಮತ್ತೆ ಬೆರಳಿಟ್ಟಳು. ನಾನು ಹಿಂದೆ ನಿಂತಿದ್ದೆ. "ನಾನು ಕೇಳ್ತೀನಿ ಬಿಡು," ಎಂದೆ. ಅವಳು ತಿರುಗಿ, "ಕೇಳಿ ಅಕ್ಕ. ನೀವು ಕೇಳಿದ್ರೆ ಹೇಳ್ತಾರೆ," ಎಂದಳು.

ಟೆರೇಸಿಗೆ ಹೋಗಿ ಆಂಟಿಗೆ ಫೋನ್ ಮಾಡಿದೆ. ಎಲ್ಲಾ ಹೇಳಿದೆ. ಫಾಂಟ್ ಎಂದರೇನು ಎನ್ನುವುದನ್ನೂ.

"ಅದೇನೋ ನಂಗ ತಿಳಿಯಾಂಗಿಲ್ಲವ್ವಾ. ಬಳಗದಾಗ ಎಲ್ಲಾರಿಗೂ ಹೇಳಿಬಿಟ್ಟೀನಿ. ಈಗ ಅಲ್ಲ ಅಂದ್ರ, ಇಬ್ಬರೂ ಒಳಗ ರಾಜಿ ಆದ್ರು ಅಂತಾರ."

"ನಾನೇ ಬಳಗಕ್ಕೆ ಬಂದು ಹೇಳ್ತೀನಿ ಆಂಟಿ."

"ಬಾ. ಸೋಮವಾರ ಎಲ್ಲಾರೂ ಇರ್ತಾರ. ಆದ್ರ ಆ ಹುಡುಗಿಗೆ ಮೊದಲ ಹೇಳು. ಬ್ಯಾರೆಯವರ ಬಾಯಿಂದ ಕೇಳಿದ್ರ ಛಲೋ ಇರಾಂಗಿಲ್ಲ."

ಅಲ್ಲಿಂದಲೇ ಕೆಳಗೆ ಬಂದು ಹೇಳಬೇಕಿತ್ತು. ಗುರುದೇವಿ ಹೋಗಿಬಿಟ್ಟಿದ್ದಳು. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಮಾಡಿ, ಕವರ್ ಹಾಕಿ.

ಅವಳು ಹೊರಡುವವರೆಗೆ ನಾನು ಟೆರೇಸಿನಲ್ಲೇ ಕಾದೆನಾ? ಹಾಗೆಂದು ಅನುಮಾನ.

ನವೆಂಬರ್ 20, ಗುರುವಾರ. ಬೆಳಿಗ್ಗೆ

ಹತ್ತೂವರೆಯ ಹೊತ್ತಿಗೆ ಬರುತ್ತಾಳೆ. ಇನ್ನೂ ಸಮಯವಿದೆ. ಏನು ಹೇಳಬೇಕೆಂದು ಇಲ್ಲಿ ಬರೆದುಕೊಳ್ಳುತ್ತೇನೆ. ಎದುರು ಕೂತರೆ ಮಾತು ಅಂಕುಡೊಂಕಾಗುತ್ತದೆ.

ಗುರುದೇವಿ, ಒಂದು ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಗಿದೆ. — ಆಗಿದೆ ಅಂದರೆ ತಾನಾಗಿ ಆದಂತೆ. ಬೇಡ.

ಗುರುದೇವಿ, ಆಂಟಿ ತಪ್ಪು ತಿಳಿದುಕೊಂಡಿದ್ದಾರೆ. — ಆಂಟಿ ತಿಳಿದುಕೊಂಡದ್ದು ನಾನು ತಿಳಿಸಿದಷ್ಟೇ. ಬೇಡ.

ಗುರುದೇವಿ, ನಿನ್ನ ಹಾಳೆಗಳಲ್ಲಿ ತಪ್ಪಿಲ್ಲ. ಹುಡುಕಬೇಡ. ನೀನು ಫೈಲ್ ಕದ್ದೆ ಅಂತ ಆಂಟಿಗೆ ಹೇಳಿದ್ದು ನಾನು. ಸೋಮವಾರ ಬಳಗದಲ್ಲಿ ಎಲ್ಲರೆದುರು ಅದು ಸುಳ್ಳು ಅಂತ ಹೇಳುತ್ತೇನೆ, ನೀನೂ ಬಾ. — ಇಷ್ಟು. ಇದು ಸರಿ.

ಅವಳು ಅಳುವುದಿಲ್ಲ. ಕೂಗಾಡುವುದಿಲ್ಲ. ಅವಳು ಒಂದೇ ಕೇಳುತ್ತಾಳೆ, ಯಾಕೆ ಅಂತ. ಫೈಲ್ ಓಪನ್ ಆಗಲಿಲ್ಲ ಎನ್ನಬಹುದು. ಸುಳ್ಳಲ್ಲ. ಆದರೆ ಆವತ್ತು ಫೋನಿನಲ್ಲಿ ನನ್ನ ಬಾಯಿಂದ ಮೊದಲು ಬಂದದ್ದು ಫೈಲಿನ ಮಾತಲ್ಲ. ಸೆಂಟರಿನ ಮಾತು.

ಗೇಟು. ಚಪ್ಪಲಿ ಬಿಡುತ್ತಿದ್ದಾಳೆ. "ಅಕ್ಕ, ಕೇಳಿದ್ರಾ?" ಅನ್ನುತ್ತಲೇ ಬರುತ್ತಿದ್ದಾಳೆ. ಹೇಳುತ್ತೇನೆ. ಯಾಕೆ ಅಂದರೆ, ನೀನು ಬಿಟ್ಟು ಹೋಗುತ್ತೀಯ ಅಂತ ನನಗೆ ಹೆದರಿಕೆ —